ಇಂಗಲ್‌ಶಮ್‌ನ ಹಳೇ ಚರ್ಚ್ ಬಗ್ಗೆ ಇಂಗ್ಲೆಂಡಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಬಂಧುಗಳೇ,

ಮೊದಲೇ ಹೇಳಿಬಿಡುತ್ತೇನೆ. ನಾನು ಕ್ರೈಸ್ತನಲ್ಲ, ಇತಿಹಾಸದ ಮೇಷ್ಟ್ರೂ ಅಲ್ಲ. ಹನ್ನೊಂದು ವರ್ಷದಿಂದ ಸ್ವಿಂಡನ್‌ನಲ್ಲಿದ್ದೇನೆ. ಕಂಪ್ಯೂಟರ್ ಕೆಲಸ, ಒಂದು ಹಳೇ ಮನೆ, ಅದರ ಮೇಲೊಂದು ಸಾಲ. ನಿಮ್ಮಲ್ಲಿ ಎಷ್ಟೋ ಜನರ ಕಥೆಯೂ ಇದೇ ಇರಬೇಕು.

ಊರಿನಿಂದ ಅಪ್ಪ ಅಮ್ಮ ಬಂದರೆ ನಾವೆಲ್ಲ ಏನು ಮಾಡುತ್ತೇವೆ? ವಿಂಡ್ಸರ್ ತೋರಿಸುತ್ತೇವೆ, ಬಾತ್ ತೋರಿಸುತ್ತೇವೆ, ಸ್ಟೋನ್‌ಹೆಂಜ್ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಬೈಬರಿಗೆ ಹೋಗಿ ಕಾರು ನಿಲ್ಲಿಸಲು ಜಾಗ ಸಿಗದೆ ಬೈದುಕೊಂಡು ವಾಪಸ್ ಬರುತ್ತೇವೆ. ಆ ದಾರಿಯಲ್ಲೇ ಹತ್ತು ಹದಿನೈದು ಹಳ್ಳಿ ಚರ್ಚ್‌ಗಳು ಸಿಗುತ್ತವೆ. ಒಂದರ ಮುಂದೂ ನಿಲ್ಲುವುದಿಲ್ಲ. 'ಅದು ಅವರದ್ದು, ನಾವು ಹೋದರೆ ಏನಾದರೂ ಅಂದುಕೊಂಡಾರು' ಎಂಬ ಸಂಕೋಚ. ನನಗೂ ಅದೇ ಇತ್ತು. ಒಂದು ದಿನ ಮಳೆ ಅದನ್ನು ಬಿಡಿಸಿತು.

ನಾಲ್ಕು ವರ್ಷದ ಹಿಂದಿನ ಮಾತು. ಲೆಚ್‌ಲೇಡ್‌ನಲ್ಲಿ ಕಾರು ಬಿಟ್ಟು, ಮಗಳ ಜೊತೆ ಥೇಮ್ಸ್ ದಂಡೆಯಲ್ಲಿ ನಡೆಯುತ್ತಿದ್ದೆ. ಲಂಡನ್ನಿನ ಥೇಮ್ಸ್ ನೆನಪಿಗೆ ತಂದುಕೊಳ್ಳಬೇಡಿ. ಇಲ್ಲಿ ಅದು ನಮ್ಮೂರ ಹಳ್ಳಕ್ಕಿಂತ ಸ್ವಲ್ಪ ಅಗಲ, ಅಷ್ಟೇ. ಪಕ್ಕದಲ್ಲಿ ಕೋನ್ ಎಂಬ ಸಣ್ಣ ಹೊಳೆ ಬಂದು ಸೇರುತ್ತದೆ. 1789ರಲ್ಲಿ ತೆರೆದ ಥೇಮ್ಸ್–ಸೆವರ್ನ್ ಕಾಲುವೆಯೂ ಅಲ್ಲೇ ಬಂದು ಸೇರುತ್ತಿತ್ತು. ಕಾಲುವೆ ಕಾಯುವವನಿಗೆ ಅಂತ ಕಟ್ಟಿದ ದುಂಡನೆಯ ಮನೆ ಈಗಲೂ ಇದೆ. ಅಷ್ಟರಲ್ಲಿ ಮಳೆ ಹೊಡೆಯಿತು. ಎದುರಿಗೆ ಒಂದು ಚರ್ಚ್ ಕಂಡಿತು. ಗೋಪುರ ಇಲ್ಲ, ಗೋಡೆಯ ತಲೆಯ ಮೇಲೆ ಎರಡು ಗಂಟೆ ತೂಗುವಷ್ಟು ಒಂದು ಕಲ್ಲಿನ ಗೂಡು ಅಷ್ಟೇ. ಬಾಗಿಲು ತಳ್ಳಿದೆ. ತೆರೆದುಕೊಂಡಿತು. ಒಳಗೆ ಯಾರೂ ಇರಲಿಲ್ಲ.

ಅದು ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಚರ್ಚ್, ಇಂಗಲ್‌ಶಮ್. ನಾನು ಕೌನ್ಸಿಲ್ ಟ್ಯಾಕ್ಸ್ ಕಟ್ಟುವ ಸ್ವಿಂಡನ್ ಬರೋ ಒಳಗೇ ಇದೆ. ಏಳು ವರ್ಷ ಅದರ ಹೆಸರೇ ಕೇಳಿರಲಿಲ್ಲ.

ಒಳಗೆ ಹೋದ ತಕ್ಷಣ ಕಾಣುವುದು ಮರದ ದೊಡ್ಡಿಗಳು. ದೊಡ್ಡಿ ಅಂದದ್ದು ತಮಾಷೆಗಲ್ಲ. ಎದೆಮಟ್ಟದ ಹಲಗೆ ಗೋಡೆ, ಅದಕ್ಕೊಂದು ಬಾಗಿಲು, ಒಳಗೆ ಕೂರಲು ಬೆಂಚು. ಬಾಕ್ಸ್ ಪ್ಯೂ ಅನ್ನುತ್ತಾರೆ. ಒಂದೊಂದು ಮನೆತನಕ್ಕೆ ಒಂದೊಂದು. ಚಳಿಗಾಳಿ ಬಡಿಯದ ಹಾಗೆ ಒಳಗೆ ಕೂತು ಬಾಗಿಲು ಹಾಕಿಕೊಳ್ಳುತ್ತಿದ್ದರು. ಪಕ್ಕದವರ ಮುಖ ನೋಡುವ ಕಷ್ಟವೂ ಇಲ್ಲ. ಮಗಳು ಒಂದರೊಳಗೆ ಹೋಗಿ ಚಿಲಕ ಹಾಕಿಕೊಂಡು, 'ಅಪ್ಪ, ಇದು ನಮ್ಮನೆ, ನಿಮ್ಮದು ಆ ಕಡೆ' ಅಂದಳು. ನೆಲದ ಕಲ್ಲು ಚಪ್ಪಡಿಗಳು ಏರುತಗ್ಗಾಗಿವೆ. ಗೋಡೆ ಎಲ್ಲೂ ನೆಟ್ಟಗಿಲ್ಲ.

ಆಮೇಲೆ ಗೋಡೆ ನೋಡಿದೆ. ಸ್ಲೇಟನ್ನು ಸರಿಯಾಗಿ ಒರೆಸದೆ ಮತ್ತೆ ಮತ್ತೆ ಬರೆದ ಹಾಗಿದೆ. ಒಂದು ಕಡೆ ಕೆಂಪು ಗೆರೆ, ಅದರ ಮೇಲೆ ಹಳೇ ಇಂಗ್ಲಿಷಿನ ದಪ್ಪ ಅಕ್ಷರ, ಅಕ್ಷರದ ಸಂದಿಯಲ್ಲಿ ಯಾವುದೋ ದೇವದೂತನ ರೆಕ್ಕೆ. 13ನೇ ಶತಮಾನದಿಂದ 19ನೇ ಶತಮಾನದವರೆಗೆ ಬಳಿದದ್ದು, ಬರೆದದ್ದು, ಮುಚ್ಚಿದ್ದು ಎಲ್ಲ ಒಂದರ ಮೇಲೊಂದು ಕೂತಿದೆ. ಯಾವ ಗೆರೆ ಯಾವ ಕಾಲದ್ದು ಅಂತ ಬಿಡಿಸಲು ಬಲ್ಲವರೇ ಬೇಕು.

ಇಷ್ಟೊಂದು ಪದರ ಯಾಕೆ ಅಂದರೆ ಅದಕ್ಕೆ ಇಡೀ ಇಂಗ್ಲೆಂಡಿನ ಕಥೆಯನ್ನೇ ಹೇಳಬೇಕಾಗುತ್ತದೆ. ಚಿಕ್ಕದಾಗಿ ಹೇಳುತ್ತೇನೆ. ಈಗ ನಿಂತಿರುವ ಕಟ್ಟಡದ ಬಹುಪಾಲು 13ನೇ ಶತಮಾನದ ಆರಂಭದ್ದು. ಆಗ ಹಳ್ಳಿ ಜನಕ್ಕೆ ಓದು ಬರದು, ಪೂಜೆ ನಡೆಯುವುದು ಲ್ಯಾಟಿನ್‌ನಲ್ಲಿ. ಕಥೆ ಹೇಳುವುದು ಗೋಡೆಯ ಕೆಲಸ. ಸ್ವರ್ಗ, ನರಕ, ಕೊನೆಯ ದಿನದ ತೀರ್ಪು ಎಲ್ಲ ಬಣ್ಣದಲ್ಲಿ. ಬೂದು ಕಲ್ಲಿನ ತಣ್ಣನೆಯ ಚರ್ಚ್ ಅಂತ ನಾವು ಅಂದುಕೊಂಡಿದ್ದೇವಲ್ಲ, ಮಧ್ಯಯುಗದ ಚರ್ಚ್ ಹಾಗಿರಲೇ ಇಲ್ಲ. ಜಾತ್ರೆಯ ಹಾಗೆ ಬಣ್ಣಬಣ್ಣ.

1547ರಲ್ಲಿ ಆರನೆಯ ಎಡ್ವರ್ಡ್ ಪಟ್ಟಕ್ಕೆ ಬಂದ. ಒಂಬತ್ತು ವರ್ಷದ ಹುಡುಗ. ಅವನ ಹೆಸರಿನಲ್ಲಿ ಆಳಿದವರು ಕಟ್ಟಾ ಪ್ರಾಟೆಸ್ಟೆಂಟರು. ಚಿತ್ರ, ವಿಗ್ರಹ ಎಲ್ಲ ಮೂಢನಂಬಿಕೆ ಅಂದರು. ಊರೂರಲ್ಲಿ ಗೋಡೆಗೆ ಸುಣ್ಣ ಬಿತ್ತು. ಸುಣ್ಣದ ಮೇಲೆ ಹತ್ತು ಕಟ್ಟಳೆಗಳು, ಬೈಬಲ್ಲಿನ ವಾಕ್ಯಗಳು, ಅದೂ ಇಂಗ್ಲಿಷಿನಲ್ಲಿ. ಚಿತ್ರ ಹೋಗಿ ಅಕ್ಷರ ಬಂತು. ತಮಾಷೆ ನೋಡಿ, ಅಳಿಸಲು ಬಳಿದ ಸುಣ್ಣವೇ ಚಿತ್ರಗಳನ್ನು ಕಾಪಾಡಿತು. ಮುನ್ನೂರು ವರ್ಷ ಅದರ ಕೆಳಗೆ ತಣ್ಣಗೆ ಮಲಗಿದ್ದವು.

ನಿಜವಾದ ಅಪಾಯ ಬಂದದ್ದು ಆಮೇಲೆ. ಅದನ್ನು ತಂದವರು ಚರ್ಚಿನ ಶತ್ರುಗಳಲ್ಲ, ಅದನ್ನು ಜಾಸ್ತಿ ಪ್ರೀತಿಸಿದವರು.

ವಿಕ್ಟೋರಿಯಾ ರಾಣಿಯ ಕಾಲ. ಕೈಯಲ್ಲಿ ದುಡ್ಡು, ಎದೆಯಲ್ಲಿ ಭಕ್ತಿ, ಎರಡೂ ಇತ್ತು. 1839ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಓದುವ ಹುಡುಗರು ಸೇರಿ ಕ್ಯಾಮ್ಡೆನ್ ಸೊಸೈಟಿ ಅಂತ ಒಂದು ಸಂಘ ಕಟ್ಟಿದರು. ಚರ್ಚ್ ಹೇಗಿರಬೇಕು ಅಂತ ತೀರ್ಪು ಕೊಡುವುದೇ ಅದರ ಕೆಲಸ. 1300ರ ಆಸುಪಾಸಿನ ಶೈಲಿಯೇ ಶುದ್ಧ, ಅದಕ್ಕಿಂತ ಹಿಂದಿನದು ಬೆಳೆಯದ ಕೂಸು, ಮುಂದಿನದು ಕೆಟ್ಟ ಮಗ. ಹೀಗಿತ್ತು ಅವರ ಲೆಕ್ಕ. ಬಾಕ್ಸ್ ಪ್ಯೂ ಕಂಡರಂತೂ ಉರಿ. ಅದನ್ನು ಕಿತ್ತು ಸಾಲಾಗಿ ಬೆಂಚು ಹಾಕಿಸಿದರು. ಗೋಡೆಯ ಗಾರೆ ಕೆರೆದು ಕಲ್ಲು ಕಾಣಿಸಿದರು. ಗಾರೆಯ ಜೊತೆ ಚಿತ್ರಗಳೂ ಕಸದ ಗಾಡಿಗೆ ಹೋದವು. 15ನೇ ಶತಮಾನದ ಕಿಟಕಿ ತೆಗೆದು 'ಇದು ಹೀಗಿದ್ದಿರಬೇಕು' ಅಂತ ಊಹಿಸಿ 13ನೇ ಶತಮಾನದ ಹೊಸ ಕಿಟಕಿ ಕೂರಿಸಿದರು! ಇದಕ್ಕೆಲ್ಲ ಅವರು ಇಟ್ಟ ಹೆಸರು 'ರೆಸ್ಟೊರೇಷನ್'. ಇಂಗ್ಲೆಂಡಿನಲ್ಲಿ ನೂರಕ್ಕೆ ಎಂಬತ್ತರಷ್ಟು ಚರ್ಚ್‌ಗಳಿಗೆ ಒಂದಲ್ಲ ಒಂದು ರೀತಿ ಈ ಕೈ ತಗುಲಿತು ಎಂಬ ಅಂದಾಜಿದೆ.

ಅವರನ್ನು ಸುಮ್ನೆ ಬೈಯಲು ನನಗೆ ಇಷ್ಟವಿಲ್ಲ. ಎಷ್ಟೋ ಚರ್ಚ್‌ಗಳ ಮಾಡು ಕುಸಿಯುವ ಸ್ಥಿತಿಯಲ್ಲಿತ್ತು. ಅವರು ದುಡ್ಡು ಹಾಕದೇ ಹೋಗಿದ್ದರೆ ಇವತ್ತು ನೋಡಲು ಏನೂ ಇರುತ್ತಿರಲಿಲ್ಲ. ಆದರೆ ಸೋರುವ ಮಾಡು ಸರಿಮಾಡಲು ಏಣಿ ಹತ್ತಿದವರು ಹಾಗೇ ಇಳಿದು ಬರಲಿಲ್ಲ, ನೋಡಿ.

ಇಂಗಲ್‌ಶಮ್ ಇದರಿಂದ ತಪ್ಪಿಸಿಕೊಂಡದ್ದು ಹೇಗೆ? ಒಂದು, ಬಡತನ. ಇಲ್ಲಿ ಒಂದು ಕಾಲದಲ್ಲಿ ಹಳ್ಳಿ ಇತ್ತು. ಈಗ ಚರ್ಚಿನ ಪಕ್ಕದ ಹುಲ್ಲುಗಾವಲಿನಲ್ಲಿ ಉಬ್ಬುತಗ್ಗು ಮಾತ್ರ ಉಳಿದಿದೆ. ಚರ್ಚನ್ನು ಚೆಂದ ಮಾಡಲು ಊರಿನಲ್ಲಿ ದೊಡ್ಡ ಕುಳಗಳೇ ಇರಲಿಲ್ಲ. ಇನ್ನೊಂದು, ಹೊಳೆಯ ಕೆಳಗಡೆ ಕೆಲವೇ ಮೈಲಿ ದೂರದಲ್ಲಿ ಒಬ್ಬ ಮನುಷ್ಯ ಬಾಡಿಗೆಗೆ ಬಂದು ಕೂತಿದ್ದ.

ವಿಲಿಯಂ ಮಾರಿಸ್. ಹುಟ್ಟಿದ್ದು 1834ರಲ್ಲಿ. ಕವಿ, ನೇಯ್ಗೆ ಬಲ್ಲವನು, ಬಣ್ಣ ಹಾಕುವವನು, ಸಮಾಜವಾದಿ, ಜೊತೆಗೆ ಮುಂಗೋಪಿ. ಅವನ ಹೂಬಳ್ಳಿಯ ವಿನ್ಯಾಸ ನಿಮ್ಮ ಮನೆಯ ಕುಶನ್ ಕವರಿನ ಮೇಲೋ ಟೀ ಮಗ್ಗಿನ ಮೇಲೋ ಇದ್ದೇ ಇರುತ್ತದೆ. 1871ರಿಂದ ಕೆಲ್ಮ್‌ಸ್ಕಾಟ್ ಹಳ್ಳಿಯ ಹಳೇ ಮನೆಯಲ್ಲಿ ಬಾಡಿಗೆಗಿದ್ದ.

1876ರಲ್ಲಿ ಅವನು ಹತ್ತಿರದ ಬರ್ಫರ್ಡ್ ಚರ್ಚಿಗೆ ಹೋದ. ಅಲ್ಲಿ ಗೋಡೆ ಕೆರೆದಿದ್ದರು. ಮಾಡಿಸಿದ ವಾಸ್ತುಶಿಲ್ಪಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್. ಬೇರೆ ಯಾರೂ ಅಲ್ಲ, ಹುಡುಗನಾಗಿದ್ದಾಗ ಮಾರಿಸ್ ಕೆಲಸ ಕಲಿಯಲು ಸೇರಿದ್ದ ಕಚೇರಿಯ ಯಜಮಾನ! ಮಾರಿಸ್ ಪಾದ್ರಿಯ ಜೊತೆ ಜಗಳಕ್ಕೆ ನಿಂತ. ಅದಕ್ಕೆ ಪಾದ್ರಿ, 'ಚರ್ಚು ನನ್ನದು ಸ್ವಾಮಿ. ಮನಸ್ಸು ಬಂದರೆ ಒಳಗೆ ತಲೆಕೆಳಗಾಗಿ ನಿಲ್ಲುತ್ತೇನೆ' ಅಂದನಂತೆ. ಈ ಭಾಗದಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಆ ಮಾತು ಹಾಗೆಯೇ ನಡೆಯಿತೋ ಇಲ್ಲವೋ, ಇಡೀ ವಾದ ಅದರಲ್ಲೇ ಇದೆ ಅಲ್ವಾ? ಹಳೇ ಕಟ್ಟಡ ಯಾರದ್ದು? ಇವತ್ತು ಬೀಗದ ಕೈ ಇಟ್ಟುಕೊಂಡವರದ್ದಾ?

ಮರುವರ್ಷ ಟ್ಯೂಕ್ಸ್‌ಬರಿಯ ದೊಡ್ಡ ಚರ್ಚಿಗೂ ಇದೇ ಗತಿ ಬರುತ್ತದೆ ಅಂತ ಸುದ್ದಿಯಾಯಿತು. ಅಲ್ಲಿ ಕೆಲಸ ಹಿಡಿದಿದ್ದವರು ಆ ಕಾಲದ ಅತಿ ದೊಡ್ಡ ಹೆಸರು, ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಮಾರಿಸ್ ಅಥೀನಿಯಂ ಎಂಬ ಪತ್ರಿಕೆಗೆ ಬರೆದ. ಅದೂ ಒಂದು ಬಹಿರಂಗ ಪತ್ರವೇ. ಹಳೆಯ ಕಟ್ಟಡಗಳನ್ನು ಕಾಯಲು ಒಂದು ಸಂಘ ಬೇಕು ಅಂದ. ಅದೇ ತಿಂಗಳು, 1877ರ ಮಾರ್ಚ್‌ನಲ್ಲಿ, ಸೊಸೈಟಿ ಫಾರ್ ದ ಪ್ರೊಟೆಕ್ಷನ್ ಆಫ್ ಏನ್ಷಿಯಂಟ್ ಬಿಲ್ಡಿಂಗ್ಸ್ ಹುಟ್ಟಿತು. ಅದರ ಅಡ್ಡಹೆಸರು 'ಆಂಟಿ-ಸ್ಕ್ರೇಪ್'. ಕೆರೆಯಬೇಡಿ ಸಂಘ ಅಂತ ಇಟ್ಟುಕೊಳ್ಳಿ. ಅವರ ಮಾತು ಬಹಳ ಸರಳ. ದಿನದಿನದ ಆರೈಕೆ ಮಾಡಿ, ಹಾಳಾಗುವುದನ್ನು ತಡೆಯಿರಿ. ವಾಲಿದ ಗೋಡೆಗೆ ಊರುಗೋಲು ಕೊಡಿ. ಸೋರುವ ಮಾಡು ಮುಚ್ಚಿ. ಅಲ್ಲಿಗೆ ನಿಲ್ಲಿಸಿ. ಆ ಸಂಘ ಇವತ್ತಿಗೂ ಇದೆ.

ಮಾರಿಸ್ ಬಗ್ಗೆ ನನಗೆ ಗೌರವ ಬಂದದ್ದು ಅವನ ಕವಿತೆಯಿಂದಲ್ಲ. ಅವನ ಕಂಪನಿಗೆ ಚರ್ಚ್ ಕಿಟಕಿಯ ಬಣ್ಣದ ಗಾಜಿನಿಂದ ಒಳ್ಳೇ ಆದಾಯ ಬರುತ್ತಿತ್ತು. ಸಂಘ ಕಟ್ಟಿದ ಮೇಲೆ, ಹಳೇ ಕಾಲದ ಚರ್ಚ್‌ಗಳಿಗೆ ಇನ್ನು ಹೊಸ ಗಾಜು ಮಾಡಿಕೊಡುವುದಿಲ್ಲ ಅಂದುಬಿಟ್ಟ. ಕೆರೆಯಬೇಡಿ ಅಂತ ಊರಿಗೆಲ್ಲ ಹೇಳುತ್ತಾ ತಾನು ಕಿಟಕಿ ಬದಲಾಯಿಸಲು ಆಗುತ್ತದೆಯೇ? ಕೈಯಿಂದ ದುಡ್ಡು ಬಿಟ್ಟು ಹೇಳಿದ ಮಾತು ಅದು.

ಇಂಗಲ್‌ಶಮ್ ಚರ್ಚಿನ ಕೆಲಸ ನಡೆದದ್ದು 1888–89ರಲ್ಲಿ. ಮಾರಿಸ್ ಓಡಾಡಿದ, ಹಣ ಹೊಂದಿಸಿದ. ಕೆಲಸ ನೋಡಿಕೊಂಡ ವಾಸ್ತುಶಿಲ್ಪಿ ಜಾನ್ ಥಾಮಸ್ ಮಿಕಲ್‌ತ್ವೇಟ್. ಇವರು ಪಳಗಿದ್ದು ಯಾರ ಕೈಕೆಳಗೆ ಗೊತ್ತಾ? ಅದೇ ಗಿಲ್ಬರ್ಟ್ ಸ್ಕಾಟ್ ಕೈಕೆಳಗೆ. ಬಾಕ್ಸ್ ಪ್ಯೂಗಳು ಇದ್ದಲ್ಲೇ ಉಳಿದವು. 15ನೇ ಶತಮಾನದ ಮರದ ತಡಿಕೆಗಳು ಉಳಿದವು. ನೆತ್ತಿಯ ಮೇಲೆ ಮುಚ್ಚಳ ಇರುವ ಹಳೇ ಪ್ರವಚನ ಪೀಠ ಉಳಿಯಿತು. ಗಾರೆ ಕೆರೆಯಲಿಲ್ಲ. ಒಳಗೆ ಒಂದು ಫಲಕವಿದೆ, ಚರ್ಚನ್ನು ಪ್ರೀತಿಸಿದ ವಿಲಿಯಂ ಮಾರಿಸನ ಶ್ರಮದಿಂದ, ನೆರವಿನಿಂದ ಈ ಕೆಲಸ ಆಯಿತು ಅನ್ನುತ್ತದೆ. ಕೆಲಸಕ್ಕೆ ಅದರಲ್ಲಿ ಬಳಸಿದ ಪದ 'ರಿಪೇರಿ'. ರೆಸ್ಟೊರೇಷನ್ ಅನ್ನುವ ಪದ ಬೇಕೆಂದೇ ಬಳಸಿಲ್ಲ ಅಂತ ನನ್ನ ಅನುಮಾನ.

ಮರೆಯುವ ಮುಂಚೆ ಇನ್ನೊಂದು ಹೇಳುತ್ತೇನೆ. ಒಳಗೆ ದಕ್ಷಿಣದ ಗೋಡೆಯಲ್ಲಿ ಒಂದು ಕಲ್ಲಿನ ಕೆತ್ತನೆ ಇದೆ. ತಾಯಿ, ಮಡಿಲಲ್ಲಿ ಮಗು, ಮೇಲಿನಿಂದ ಹರಸುವ ದೇವರ ಒಂದು ಕೈ. ಈ ಕಟ್ಟಡಕ್ಕಿಂತ ಹಳೆಯದು, ಸ್ಯಾಕ್ಸನ್ ಕಾಲದ್ದು. ಸಾವಿರ ವರ್ಷದ ಆಸುಪಾಸು. ಬಹಳ ಕಾಲ ಇದು ಹೊರಗೋಡೆಯಲ್ಲಿ ಬಿಸಿಲು ಮಳೆಗೆ ಬಿದ್ದಿತ್ತು. ಅದರ ಮೇಲೆ ಯಾರೋ ಗೀರು ಹಾಕಿ ಹೊತ್ತು ನೋಡುವ ನೆರಳು ಗಡಿಯಾರ ಮಾಡಿಕೊಂಡಿದ್ದರು. ಒಳಗೆ ತಂದಿಟ್ಟದ್ದು 20ನೇ ಶತಮಾನದಲ್ಲಿ. ಮುಖ ಸವೆದಿದೆ. ಆದರೆ ಮಗುವಿನ ಕಡೆ ಬಾಗಿದ ತಾಯಿಯ ಭಂಗಿ ಮಾತ್ರ ಸ್ವಲ್ಪವೂ ಸವೆದಿಲ್ಲ. ಮಗಳು ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು.

ಇನ್ನು ನನ್ನ ಮನೆಯ ವಿಷಯ. ಸಂಬಂಧ ಇದೆ, ತಾಳಿ.

ನಮ್ಮದು ರೈಲ್ವೆ ಕಾಲದ ಇಟ್ಟಿಗೆ ಮನೆ. ಐದು ವರ್ಷದ ಹಿಂದೆ ಹೊರಗೋಡೆಯ ಸಂದಿ ಉದುರುತ್ತಿತ್ತು. ಒಬ್ಬ ಬಿಲ್ಡರ್ ಬಂದ, ಗಟ್ಟಿ ಸಿಮೆಂಟ್ ತುಂಬಿದ, ಹೋದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೋಡೆಯೆಲ್ಲ ಥಂಡಿ. ಮಗಳ ಕೋಣೆಯಲ್ಲಿ ಬೂಷ್ಟು. ಹಳೇ ಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಅದು ನೀರು ಕುಡಿಯುತ್ತದೆ, ಬಿಸಿಲು ಬಂದರೆ ಬಿಡುತ್ತದೆ. ಸಿಮೆಂಟ್ ಅದರ ಬಾಯಿ ಕಟ್ಟುತ್ತದೆ. ನೀರಿಗೆ ಹೋಗಲು ದಾರಿಯಿಲ್ಲದೆ ಇಟ್ಟಿಗೆಯನ್ನೇ ತಿನ್ನುತ್ತದೆ. ಸಿಮೆಂಟ್ ಎಲ್ಲ ಕಿತ್ತು ಸುಣ್ಣದ ಗಾರೆ ತುಂಬಿಸಿದೆವು. ಕೆಲಸದ ಬಿಲ್ ಮೇಲೆ ಶೇಕಡಾ 20 ವ್ಯಾಟ್.

ಇದೇ ತಪ್ಪು ಎಷ್ಟೋ ಚರ್ಚ್‌ಗಳಲ್ಲೂ ಆಗಿದೆ. ಹಳೇ ಚಿತ್ರಗಳ ವಿಷಯದಲ್ಲೂ ಅಷ್ಟೇ. 20ನೇ ಶತಮಾನದ ಮೊದಲ ಭಾಗದಲ್ಲಿ ಚಿತ್ರಗಳನ್ನು ಉಳಿಸುತ್ತೇವೆ ಅಂತ ಅದರ ಮೇಲೆ ಮೇಣ ಹಚ್ಚಿದರು. ಬಣ್ಣ ಎದ್ದು ಕಂಡಿತು, ಎಲ್ಲರಿಗೂ ಖುಷಿ. ಆಮೇಲೆ ಗೋಡೆಯ ತೇವ ಮೇಣದ ಹಿಂದೆ ಸಿಕ್ಕಿಕೊಂಡಿತು, ಮೇಣ ಕಪ್ಪಾಯಿತು, ಬಣ್ಣ ಎದ್ದು ಬಂತು. ಈಗಿನವರು ಆ ಮೇಣವನ್ನು ಅಂಗುಲ ಅಂಗುಲವಾಗಿ ತೆಗೆಯಬೇಕು. ಅದಕ್ಕೇ ಈಗ ರಿಪೇರಿಗೆ ಮುಂಚೆ ಸುಮ್ಮನೆ ನೋಡುವುದೇ ಅರ್ಧ ಕೆಲಸ. ನೀರು ಎಲ್ಲಿಂದ ಬರುತ್ತಿದೆ? ಮಾಡಿನ ಕಲ್ಲುಹಂಚು ಸರಿದಿದೆಯಾ? ಮಾಡಿನ ನೀರು ಹರಿಯುವ ದೋಣಿಯಲ್ಲಿ ಎಲೆ ಕಟ್ಟಿಕೊಂಡಿದೆಯಾ? ಸೀಸದ ತಗಡನ್ನು ಯಾರಾದರೂ ರಾತ್ರಿ ಕಿತ್ತುಕೊಂಡು ಹೋಗಿದ್ದಾರಾ? ನಗಬೇಡಿ, ಇಂಗ್ಲೆಂಡಿನಲ್ಲಿ ಚರ್ಚ್ ಮಾಡಿನ ಸೀಸ ಕದಿಯುವುದೇ ಒಂದು ಕಸುಬು. ಬೆಳಗ್ಗೆ ಮಳೆ ಬಂದಾಗಲೇ ಊರಿಗೆ ಗೊತ್ತಾಗುವುದು. ಬಾವಲಿಗಳದ್ದು ಬೇರೆ ಗೋಳು. ಕಾನೂನಿನ ಪ್ರಕಾರ ಅವನ್ನು ಓಡಿಸುವ ಹಾಗಿಲ್ಲ. ಹಿಕ್ಕೆ ಗುಡಿಸುವವರು ಗುಡಿಸುತ್ತಲೇ ಇರಬೇಕು.

ಇದಕ್ಕೆಲ್ಲ ದುಡ್ಡು ಯಾರು ಕೊಡುತ್ತಾರೆ? ಅರಮನೆ ಕೊಡುತ್ತದೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ಚರ್ಚ್ ಆಫ್ ಇಂಗ್ಲೆಂಡ್‌ಗೆ ಸುಮಾರು 16,000 ಚರ್ಚ್ ಕಟ್ಟಡಗಳಿವೆ. ಅದರಲ್ಲಿ ಹನ್ನೆರಡು ಸಾವಿರಕ್ಕಿಂತ ಹೆಚ್ಚು ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿವೆ. ಅವನ್ನು ನೋಡಿಕೊಳ್ಳಬೇಕಾದ್ದು ಆಯಾ ಊರಿನ ಜನ. ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿಯನ್ನು ಕರೆಸಿ ಕಟ್ಟಡ ತೋರಿಸಲೇಬೇಕು ಅಂತ ಚರ್ಚ್ ಕಾಯ್ದೆ 1955ರಿಂದ ಹೇಳುತ್ತಾ ಬಂದಿದೆ. ಅವರು ರಿಪೇರಿಯ ಪಟ್ಟಿ ಕೊಡುತ್ತಾರೆ. ಭಾನುವಾರಕ್ಕೆ ಹತ್ತು ಹನ್ನೆರಡು ಜನ ಬರುವ ಹಳ್ಳಿಯಲ್ಲಿ, ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರು ಕೇಕ್ ಮಾರಿ ಆ ಪಟ್ಟಿಗೆ ದುಡ್ಡು ಕೂಡಿಸಬೇಕು.

ಮನೆ ಕೊಂಡವರಿಗೆ ಒಂದು ಗುಟ್ಟು ಹೇಳುತ್ತೇನೆ. ನಿಮ್ಮ ಸಾಲಿಸಿಟರ್ ಕೊಟ್ಟ ಬಿಲ್ ಇದ್ದರೆ ತೆಗೆದು ನೋಡಿ. 'ಚಾನ್ಸೆಲ್ ಸರ್ಚ್' ಅಂತ ಒಂದು ಸಾಲು ಇದ್ದರೂ ಇರಬಹುದು. ನನ್ನದರಲ್ಲಿ ಇತ್ತು. ಏನೋ ಕ್ಯಾನ್ಸಲ್ ಶುಲ್ಕ ಇರಬೇಕು ಅಂತ ತಿಳಿದು ಕಟ್ಟಿದ್ದೆ. ವಿಷಯ ಬೇರೆ. ಚಾನ್ಸೆಲ್ ಅಂದರೆ ಚರ್ಚಿನ ಪೂರ್ವ ತುದಿ, ಪೂಜಾವೇದಿಕೆ ಇರುವ ಭಾಗ. ಮಧ್ಯಯುಗದಲ್ಲಿ ಜನ ನಿಲ್ಲುವ ಭಾಗದ ರಿಪೇರಿ ಜನರದ್ದು, ಚಾನ್ಸೆಲ್ ರಿಪೇರಿ ಊರಿನ ಬೆಳೆಯಲ್ಲಿ ಹತ್ತನೇ ಪಾಲು ತಿನ್ನುವವರದ್ದು. ಬಹಳ ಕಡೆ ಆ ಪಾಲು ಮಠಗಳ ಕೈಗೆ ಹೋಗಿತ್ತು. 1536–40ರಲ್ಲಿ ಎಂಟನೆಯ ಹೆನ್ರಿ ಮಠಗಳನ್ನೆಲ್ಲ ಮುಚ್ಚಿ ಆಸ್ತಿ ಮಾರಿದ. ಜಮೀನಿನ ಜೊತೆ ರಿಪೇರಿಯ ಹೊಣೆಯೂ ಕೈ ಬದಲಾಯಿಸುತ್ತಾ ಬಂತು. ವಾರಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೋ ಎಂಬಲ್ಲಿ ಒಂದು ದಂಪತಿಗೆ ಇದೇ ಕಾರಣಕ್ಕೆ ಚರ್ಚ್ ರಿಪೇರಿಯ ಭಾರೀ ಬಿಲ್ ಬಂತು. ಅವರು ಕೋರ್ಟಿಗೆ ಹೋದರು. 2003ರಲ್ಲಿ, ಆಗ ದೇಶದ ಅತಿ ದೊಡ್ಡ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರ ವಿರುದ್ಧವೇ ತೀರ್ಪು ಕೊಟ್ಟಿತು. ಅಂದಿನಿಂದ ಮನೆ ಕೊಳ್ಳುವ ಎಷ್ಟೋ ಜನರಿಗೆ ಈ ಹುಡುಕಾಟದ ಖರ್ಚು. ಹಳೇ ಚರ್ಚಿಗೂ ನಮಗೂ ಏನು ಸಂಬಂಧ ಅಂತ ಕೇಳುವವರು ಆ ಬಿಲ್ ನೋಡಿಕೊಳ್ಳಲಿ.

ಇಂಗಲ್‌ಶಮ್‌ನಂಥ, ನಿತ್ಯದ ಪೂಜೆ ನಿಂತ ಚರ್ಚ್‌ಗಳಿಗೆ ಬೇರೆ ವ್ಯವಸ್ಥೆ ಇದೆ. 1969ರಲ್ಲಿ ಶುರುವಾದ ಒಂದು ನಿಧಿ ಈಗ ಚರ್ಚಸ್ ಕನ್ಸರ್ವೇಷನ್ ಟ್ರಸ್ಟ್ ಅನ್ನುವ ಹೆಸರಿನಲ್ಲಿ 350ಕ್ಕೂ ಹೆಚ್ಚು ಚರ್ಚ್‌ಗಳನ್ನು ನೋಡಿಕೊಳ್ಳುತ್ತಿದೆ. ಇಂಗಲ್‌ಶಮ್ ಅದರಲ್ಲಿ ಒಂದು. ಸರ್ಕಾರದ ಅನುದಾನ ಸ್ವಲ್ಪ, ಚರ್ಚಿನ ಹಣ ಸ್ವಲ್ಪ, ಉಳಿದದ್ದು ದಾನ. ಕೆಲವು ಚರ್ಚ್‌ಗಳಲ್ಲಿ ರಾತ್ರಿ ಮಲಗಲು ಬಾಡಿಗೆಗೂ ಬಿಡುತ್ತಾರೆ. ಅದಕ್ಕೆ 'ಚಾಂಪಿಂಗ್' ಅಂತ ಹೆಸರು. ನನ್ನ ಹೆಂಡತಿ ಸಮಾಧಿಗಳ ಪಕ್ಕ ಮಲಗಲು ಸುತರಾಂ ಒಪ್ಪಿಲ್ಲ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ.

ಈ ದೇಶದಲ್ಲಿ ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ. ಎಂಟುನೂರು ವರ್ಷದ ಮಾಡು ರಿಪೇರಿ ಮಾಡಿದರೆ ಶೇಕಡಾ 20. ಸಂರಕ್ಷಿತ ಕಟ್ಟಡಗಳಲ್ಲಿ ಒಪ್ಪಿಗೆ ಪಡೆದು ಮಾಡುವ ಬದಲಾವಣೆಗೆ ಮೊದಲು ವಿನಾಯಿತಿ ಇತ್ತು, 2012ರ ಅಕ್ಟೋಬರ್‌ನಲ್ಲಿ ಅದನ್ನೂ ತೆಗೆದರು. ರಿಪೇರಿಗೆ ಕಟ್ಟಿದ ತೆರಿಗೆಯನ್ನು ಪೂಜಾಸ್ಥಳಗಳಿಗೆ ವಾಪಸ್ ಕೊಡುವ ಯೋಜನೆಯೊಂದು 2001ರಿಂದ ನಡೆದುಬಂತು. 2025ರ ಜನವರಿಯಲ್ಲಿ ಸರ್ಕಾರ ಅದನ್ನು 2026ರ ಮಾರ್ಚ್‌ವರೆಗೆ ಮಾತ್ರ ಮುಂದುವರಿಸುತ್ತೇವೆ ಅಂದಿತು. ಜೊತೆಗೆ ಆ ಕೊನೆಯ ವರ್ಷಕ್ಕೆ ಒಂದು ಕಟ್ಟಡಕ್ಕೆ 25,000 ಪೌಂಡ್ ಮಿತಿ ಹಾಕಿತು, ಇಡೀ ದೇಶಕ್ಕೆ ಒಟ್ಟು 2.3 ಕೋಟಿ ಪೌಂಡ್ ಅಂದಿತು. ಮೊದಲು 4.2 ಕೋಟಿ ಇತ್ತು. ಸೋರುವ ಮಾಡಿಗೆ ವರ್ಷ ವರ್ಷ ಹೊಸ ಲೆಕ್ಕ ಹಾಕಿದರೆ ಹೇಗೆ? ಹಣ ಕೂಡಿಸಲೇ ಹಳ್ಳಿ ಚರ್ಚಿನವರಿಗೆ ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ನಿಯಮ ಬದಲಾಗಿರುತ್ತದೆ. ಕೆಲಸ ಮುಂದಕ್ಕೆ ಹೋಗುತ್ತದೆ. ನೀರಿಗೆ ಸರ್ಕಾರಿ ಗಡುವು ಗೊತ್ತಾಗುವುದಿಲ್ಲವಲ್ಲ.

ಇದು ಬರೀ ಚರ್ಚಿನ ಮಾತಲ್ಲ. ಸಂರಕ್ಷಿತ ಪಟ್ಟಿಯಲ್ಲಿರುವ ಮಸೀದಿ, ಯೆಹೂದಿಗಳ ಸಿನಗಾಗ್ ಎಲ್ಲಕ್ಕೂ ಇದೇ ಲೆಕ್ಕ. ವೋಕಿಂಗ್‌ನ ಶಾಜಹಾನ್ ಮಸೀದಿ ನೋಡಿದ್ದೀರಾ? 1889ರಲ್ಲಿ ಕಟ್ಟಿದ್ದು, ಭೋಪಾಲದ ಬೇಗಮ್ ಹೆಸರಿನಲ್ಲಿ. ಇಂಗಲ್‌ಶಮ್ ರಿಪೇರಿ ಮುಗಿದ ಅದೇ ವರ್ಷ. ಎರಡೂ ಇವತ್ತು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡಗಳು. ಎರಡರ ಮಾಡೂ ಒಂದೇ ಮಳೆಗೆ ನೆನೆಯುತ್ತದೆ.

ಹಾಗಾಗಿ ನಿಮ್ಮಲ್ಲಿ ನನ್ನ ಮೊದಲ ಕೋರಿಕೆ ಇದು. ನಿಮ್ಮ ಎಂಪಿಗೆ ಒಂದು ಇಮೇಲ್ ಬರೆಯಿರಿ. 'ನನ್ನ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್, ನನ್ನ ಮಾತು ಯಾರು ಕೇಳುತ್ತಾರೆ' ಅನ್ನಬೇಡಿ. ಕಾಮನ್‌ವೆಲ್ತ್ ದೇಶದವರಾದ ನಮಗೆ ಇಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ವೋಟು ಇದೆ. ಪಟ್ಟಿಗೆ ಹೆಸರು ಸೇರಿಸಿರಬೇಕು ಅಷ್ಟೇ. ಎಷ್ಟೋ ಜನಕ್ಕೆ ಇದೇ ಗೊತ್ತಿಲ್ಲ. ಇಮೇಲ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ಸಂರಕ್ಷಿತ ಪೂಜಾಸ್ಥಳದ ರಿಪೇರಿಗೆ ವ್ಯಾಟ್ ಪೂರ್ತಿ ಬಿಡುವ ಕಾಯಂ ಕಾನೂನು ಯಾವಾಗ? ವ್ಯಾಟ್ ಕಟ್ಟಿ ಮನೆಗೆ ಸುಣ್ಣದ ಗಾರೆ ಹಾಕಿಸಿದವನು ಕೇಳುತ್ತಿದ್ದೇನೆ ಅಂತ ನಾನು ಬರೆದೆ. ಎಂಪಿ ಕಚೇರಿಯಿಂದ ಉತ್ತರ ಬಂತು. ಸಿದ್ಧ ಉತ್ತರ, ಒಪ್ಪುತ್ತೇನೆ. ಆದರೆ ಒಂದೇ ಪ್ರಶ್ನೆ ನಲವತ್ತು ಮನೆಯಿಂದ ಹೋದರೆ ಸಿದ್ಧ ಉತ್ತರ ಬರೆಯುವವರಿಗೂ ಬೇಜಾರಾಗುತ್ತದೆ.

ಎರಡನೆಯದು ಇನ್ನೂ ಸುಲಭ. ಹೋಗಿ. ಸ್ವಿಂಡನ್‌ನಿಂದ ಹೈವರ್ತ್ ದಾಟಿ ಲೆಚ್‌ಲೇಡ್ ರಸ್ತೆ ಹಿಡಿಯಿರಿ. ಊರು ಬರುವ ಮುಂಚೆ ಎಡಕ್ಕೆ ಸಣ್ಣ ದಾರಿ. ಆಕ್ಸ್‌ಫರ್ಡ್, ರೆಡಿಂಗ್ ಕಡೆಯವರು ಲೆಚ್‌ಲೇಡ್‌ನಲ್ಲಿ ಕಾರು ಬಿಟ್ಟು ಹೊಳೆಯ ಪಕ್ಕ ನಡೆದುಕೊಂಡೇ ಹೋಗಬಹುದು. ಬೂಟು ಹಾಕಿಕೊಳ್ಳಿ, ಚಳಿಗಾಲದಲ್ಲಿ ಹುಲ್ಲುಗಾವಲೆಲ್ಲ ಕೆಸರು. ಟಿಕೆಟ್ ಇಲ್ಲ. ನಿಮ್ಮ ಧರ್ಮ ಯಾರೂ ಕೇಳುವುದಿಲ್ಲ, ಕೇಳಲು ಅಲ್ಲಿ ಯಾರೂ ಇರುವುದೂ ಇಲ್ಲ. ಗೋಡೆ ಮುಟ್ಟಬೇಡಿ, ಬೆರಳಿನ ಬೆವರು ಬಣ್ಣಕ್ಕೆ ಆಗುವುದಿಲ್ಲ. ಪ್ಯೂ ಒಳಗೆ ಕೂರಬಹುದು. ಕಾಣಿಕೆ ಡಬ್ಬಿ ಕಂಡರೆ ಒಂದು ಕಾಫಿಯ ದುಡ್ಡು ಹಾಕಿ. ಬಂದವರು ಹೆಸರು ಬರೆಯುವ ಪುಸ್ತಕ ಇದ್ದರೆ ಅದರಲ್ಲಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಇಂಥ ಕಡೆ ಜನ ಬರುತ್ತಾರೆ ಅನ್ನುವುದಕ್ಕೆ ಅವರ ಕೈಯಲ್ಲಿರುವ ಸಾಕ್ಷಿ ಅದೇ.

ಪುರುಸೊತ್ತಿದ್ದರೆ ಕೆಲ್ಮ್‌ಸ್ಕಾಟ್‌ಗೂ ಹೋಗಿಬನ್ನಿ. ಮಾರಿಸ್ 1896ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಹುಲ್ಲು ಹೇರುವ ಗಾಡಿಯಲ್ಲಿ ಅವನ ಶವಪೆಟ್ಟಿಗೆ ತಂದು ಆ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಸಮಾಧಿಯ ಕಲ್ಲು ಅವನ ಗೆಳೆಯ ಫಿಲಿಪ್ ವೆಬ್ ಮಾಡಿದ್ದು. ಮನೆಯ ಮಾಡಿನ ಹಾಗೆ ಎರಡು ಕಡೆ ಇಳಿಜಾರು, ನೀರು ನಿಲ್ಲುವುದಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ನಾವು ಮೂವರು ಇಂಗಲ್‌ಶಮ್‌ಗೆ ಹೋಗುತ್ತಿದ್ದೇವೆ. ಬುತ್ತಿಯಲ್ಲಿ ಚಿತ್ರಾನ್ನ ಇರುತ್ತದೆ, ಹೊಳೆ ದಂಡೆಯಲ್ಲಿ ಕೂತು ತಿನ್ನೋಣ. ನಮಗಿಂತ ಮುಂಚೆ ಬಂದವರು ಬಾಗಿಲು ತಳ್ಳಿ ಒಳಗೆ ಹೋಗಿ. ಹೊರಗೆ ಬರುವಾಗ ಮರೆಯದೆ ಎಳೆದುಕೊಂಡು ಬನ್ನಿ, ಇಲ್ಲದಿದ್ದರೆ ಹಕ್ಕಿಗಳು ಒಳಗೆ ಸಿಕ್ಕಿಕೊಳ್ಳುತ್ತವೆ.

ಇಂತಿ ನಿಮ್ಮವ,
ಸ್ವಿಂಡನ್‌ನ ಒಬ್ಬ ಕನ್ನಡಿಗ